ಮಗನನ್ನು ಸೆಂಟರ್‌ಗೆ ಕಳಿಸೋದು ಬಿಟ್ಟು ಅವನ ಅಜ್ಜಿಗೆ ಥೆರಪಿ ಕಲಿಸಿದೆವು

ಡೊಂಬಿವಲಿ, ಠಾಣೆ ಕಡೆಯ ಕೆಲವು ತಂದೆ-ತಾಯಂದಿರು ಪದೇ ಪದೇ ಕೇಳುತ್ತಿದ್ದಾರೆ, ಆಟಿಸಂ ಇರುವ ನಿಮ್ಮ ಹುಡುಗ ಥೆರಪಿ ಸೆಂಟರ್ ಬಿಟ್ಟ ಮೇಲೂ ಹೇಗೆ ಸುಧಾರಿಸಿದ ಅಂತ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಬಿಡುತ್ತಿದ್ದೇನೆ. ಆಟಿಸಂ ಅಂದರೆ ಮಗುವಿನ ಮಾತು, ಬೆರೆಯುವಿಕೆ, ನಡವಳಿಕೆ ಬೇರೆ ರೀತಿ ಬೆಳೆಯುವ ಸ್ಥಿತಿ. ಹೆಚ್ಚಿಗೆ ವಿವರಿಸೋದಿಲ್ಲ, ಇಂಥ ಮಕ್ಕಳ ತಂದೆ-ತಾಯಂದಿರಿಗೆ ಅದೆಲ್ಲ ಬಾಯಿಪಾಠ ಆಗಿರುತ್ತದೆ.

ಮೊದಲು ದುಡ್ಡಿನ ವಿಷಯ. ಮಗನಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಡಯಾಗ್ನೋಸಿಸ್ ಆಯಿತು. ಗಾಬರಿಯಲ್ಲಿ ಒಂದು ದೊಡ್ಡ ಸೆಂಟರ್‌ನಲ್ಲಿ ಪ್ಯಾಕೇಜ್ ತಗೊಂಡೆವು. ಸ್ಪೀಚ್ (ಮಾತಿನ ಥೆರಪಿ), ಒ.ಟಿ. (ದಿನನಿತ್ಯದ ಕೆಲಸಗಳಿಗೆ ಪಳಗಿಸುವ ಆಕ್ಯುಪೇಶನಲ್ ಥೆರಪಿ), ಎಬಿಎ (ಬಹುಮಾನ ಕೊಟ್ಟು ನಡವಳಿಕೆ ಕಲಿಸುವ ವಿಧಾನ) ಎಲ್ಲ ಸೇರಿ ತಿಂಗಳಿಗೆ 35 ಸಾವಿರದ ಆಸುಪಾಸು, ರಿಕ್ಷಾ ಖರ್ಚು ಬೇರೆ. ನಾನು ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುವವನು. ನನ್ನ ಸಂಬಳ ಪೂರ್ತಿ ಅಲ್ಲಿಗೇ ಹೋಗುತ್ತಿತ್ತು. ಹೆಂಡತಿಯ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಬಳೆ ಅಡವಿಟ್ಟಿದ್ದೂ ಆಯಿತು. ಹೆಸರಿಗೆ 45 ನಿಮಿಷದ ಸೆಷನ್. ಚಪ್ಪಲಿ ಬಿಚ್ಚಿಸಿ, ಅಳು ನಿಲ್ಲಿಸಿ, ಕೊನೆಗೆ ನಮಗೆ ಫೀಡ್‌ಬ್ಯಾಕ್ ಕೊಟ್ಟು ಮುಗಿಸುವಷ್ಟರಲ್ಲಿ ಮಗುವಿಗೆ ಸಿಕ್ಕಿದ್ದು ಅರ್ಧ ಗಂಟೆ.

ಏನೂ ಆಗಲಿಲ್ಲ ಅಂತಲ್ಲ. ಆ ರೂಮಿನಲ್ಲಿ, ಆ ಮೇಡಂ ಎದುರು, ಆ ನೀಲಿ ಕುರ್ಚಿಯಲ್ಲಿ ಕೂತರೆ "ಜ್ಯೂಸ್" ಅನ್ನುತ್ತಿದ್ದ. ಮನೆಗೆ ಬಂದರೆ ಬಾಯಿ ಬಂದ್. ಬಾಯಾರಿದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ನಿಮ್ಮಲ್ಲಿ ಅರ್ಧ ಜನಕ್ಕೆ ಇದೇ ಅನುಭವ ಆಗಿರುತ್ತದೆ, ಅಲ್ವಾ?

ಇದಕ್ಕಿಂತ ದೊಡ್ಡ ಪೆಟ್ಟು ಭಾಷೆಯದ್ದು. "ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದೇ ಮಾತಾಡಿ, ಮಗುವಿಗೆ ಕನ್‌ಫ್ಯೂಸ್ ಆಗುತ್ತೆ" ಅಂದರು. ನನ್ನ ಅಮ್ಮ ಕುಂದಾಪುರ ಕಡೆಯವರು. ಅವರಿಗೆ ಇಂಗ್ಲಿಷ್ ಹೋಗಲಿ, ಹಿಂದಿಯೂ ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟೇ. ಇಡೀ ದಿನ ಮಗನ ಜೊತೆ ಇರುವವರು ಅವರೊಬ್ಬರೇ. ಅವರೇ ಬಾಯಿ ಮುಚ್ಚಿಕೊಂಡು ಕೂತರು. ಮೊಮ್ಮಗನಿಗೆ ಊಟ ಕೊಡುವಾಗ "ಈಟ್, ಈಟ್" ಅಂತ ಪಿಸುಗುಡೋರು. ನೋಡೋಕೆ ಆಗುತ್ತಿರಲಿಲ್ಲ.

ಊರಿಗೆ ಹೋದಾಗ ಒಂದು ಸಲ ಮೈಸೂರಿನ ಆಯಿಷ್‌ಗೆ, ಅಂದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ, ಕರಕೊಂಡು ಹೋದೆವು. ಅಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡಿದರು. "ಚೆಂಡು ಕೊಡು, ಬಾಗಿಲು ಹಾಕು" ಅಂದರೆ ಮಾಡುತ್ತಿದ್ದ! ಇಂಗ್ಲಿಷಿನಲ್ಲಿ ಹೇಳಿದರೆ ಅದೇ ಕೆಲಸಕ್ಕೆ ಶೂನ್ಯ. ಕನ್ನಡ ಬಿಡಬೇಡಿ ಅಂದರು. ಆಮೇಲೆ ನಾನೂ ಹುಡುಕಿ ಓದಿದೆ. ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅನ್ನೋದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಆದರೂ ಮುಂಬೈಯಲ್ಲಿ ಇವತ್ತಿಗೂ ಈ ಮಾತನ್ನು ಹೇಳುತ್ತಲೇ ಇದ್ದಾರೆ.

ಪ್ಯಾಕೇಜ್ ನಿಲ್ಲಿಸಿದೆವು. "ನೀವೇನು ಡಾಕ್ಟರಾ?" ಅಂತ ಸೆಂಟರ್‌ನವರು ಕೇಳಿದರು. ನೆಂಟರು ಅದಕ್ಕೂ ಮೇಲೆ. ಒಬ್ಬರು ಹರಕೆ ಹೇಳಿಕೊಳ್ಳಿ ಅಂದರು. ಇನ್ನೊಬ್ಬರು ಸ್ಟೆಮ್ ಸೆಲ್ ಚಿಕಿತ್ಸೆ (ದೇಹಕ್ಕೆ ಮೂಲಕೋಶ ಚುಚ್ಚುವುದು) ಮಾಡಿಸಿ, ಲಕ್ಷಗಟ್ಟಲೆ ಆದರೂ ಪರವಾಗಿಲ್ಲ ಅಂತ ಬ್ರೋಷರ್ ತಂದುಕೊಟ್ಟರು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ, ಅದರ ಪ್ರಚಾರ ಮಾಡುವುದೂ ವೃತ್ತಿಗೆ ವಿರುದ್ಧ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಬ್ರೋಷರ್ ರದ್ದಿಗೆ ಹೋಯಿತು.

ಹೊಸ ಲೆಕ್ಕ ಹೀಗೆ. ಸ್ಪೀಚ್ ಥೆರಪಿಸ್ಟ್ ಒಬ್ಬರನ್ನು ಹದಿನೈದು ದಿನಕ್ಕೊಮ್ಮೆ ಮನೆಗೆ ಕರೆಸಿದೆವು. ಮಗುವಿಗೆ ಕಲಿಸೋಕೆ ಅಲ್ಲ, ನನ್ನ ಅಮ್ಮನಿಗೆ ಕಲಿಸೋಕೆ. ಒಂದು ಭೇಟಿಗೆ ಸುಮಾರು 1,500. ಮಾಮೂಲಿ ರೇಟ್ ಇನ್ನೂ ಜಾಸ್ತಿ ಇತ್ತು. ಹೇಗೆ ಇಳಿಸಿದೆ ಅಂತ ಇಲ್ಲಿ ಬರೆಯಲ್ಲ, ಅವರಿಗೆ ಮಾತು ಕೊಟ್ಟಿದ್ದೇನೆ. ಒ.ಟಿ. ಮಾತ್ರ ವಾರಕ್ಕೊಮ್ಮೆ ಹೊರಗೆ ಉಳಿಸಿಕೊಂಡೆವು. ಎಲ್ಲ ಸೇರಿ ತಿಂಗಳಿಗೆ ಏಳೋ ಎಂಟೋ ಸಾವಿರ. ಇನ್ನೂ ಅಗ್ಗಕ್ಕೆ ಬೇಕಾದವರಿಗೆ ಬಾಂದ್ರಾ ರೆಕ್ಲಮೇಶನ್‌ನಲ್ಲಿ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ಡೊಂಬಿವಲಿಯಿಂದ ದಾದರ್‌ನಲ್ಲಿ ಗಾಡಿ ಬದಲಿಸಿ ಅಲ್ಲಿಗೆ ಓಡಾಡೋದು ನನ್ನ ಮಗನಿಗೆ ಆಗುತ್ತಿರಲಿಲ್ಲ. ಹತ್ತಿರದವರು ಬಿಡಬೇಡಿ.

ಕೆಲಸ ಶುರು ಮಾಡಿದ್ದು ಪೆಕ್ಸ್ ಕಾರ್ಡ್‌ಗಳಿಂದ, ಅಂದರೆ ಬೇಕಾದ ವಸ್ತುವಿನ ಚಿತ್ರ ಕೈಗೆ ಕೊಟ್ಟು ಅದನ್ನು ಕೇಳುವ ಪದ್ಧತಿಯಿಂದ. ಮೊದಲ ಹಂತಕ್ಕೆ ಇಬ್ಬರು ಬೇಕು. ಎದುರಿಗೆ ಅಮ್ಮ, ಕೈಯಲ್ಲಿ ನೀರುದೋಸೆ. ಮಗನ ಬೆನ್ನ ಹಿಂದೆ ನಾನು. ನೆಲದ ಮೇಲೆ ನಮ್ಮದೇ ತಟ್ಟೆಯ ನೀರುದೋಸೆಯ ಫೋಟೋ. ಅವನು ದೋಸೆಗೆ ಕೈ ಚಾಚಿದ ಕೂಡಲೇ ನಾನು ಹಿಂದಿನಿಂದ ಆ ಕೈ ಹಿಡಿದು ಕಾರ್ಡ್ ಎತ್ತಿಸಿ ಅಮ್ಮನ ಅಂಗೈಗೆ ಬಿಡಿಸಬೇಕು. ಅಮ್ಮ ತಕ್ಷಣ "ದೋಸೆ!" ಅಂದು ಕೊಡಬೇಕು. ಅದಕ್ಕೂ ಮೊದಲು ಯಾರೂ ಏನೂ ಕೇಳಬಾರದು. ಅಲ್ಲೇ ಇತ್ತು ನೋಡಿ ಕಷ್ಟ. ಅಮ್ಮನಿಗೆ ಸುಮ್ನೆ ಕೂರೋಕೆ ಬರೋದಿಲ್ಲ. "ಎಂತ ಬೇಕ್ ಮಗಾ? ದೋಸೆ ಬೇಕಾ?" ಅಂತ ಮೊದಲೇ ಕೇಳಿಬಿಡೋರು. ಅವನು ಕಾಯ್ದು ಕೂರುತ್ತಿದ್ದ, ಅಜ್ಜಿ ಕೇಳಲಿ ಅಂತ. ಕೊನೆಗೆ ಅಮ್ಮನೇ ಉಪಾಯ ಕಂಡುಕೊಂಡರು. ಬಾಯಿಗೆ ಒಂದು ಚೂರು ಅಡಿಕೆ ಹಾಕಿಕೊಂಡು ಕೂರೋದು!

ಎರಡು ಮೂರು ವಾರ ಬರೀ ಎಳೆದಾಟ. ಕಾರ್ಡ್ ಅಗಿದ, ಎಸೆದ, ಹರಿದ. ಆಮೇಲೊಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ, ಅವನ ಹಿಂದೆ ಯಾರೂ ಇರಲಿಲ್ಲ. ತಾನೇ ಅಡುಗೆಮನೆಗೆ ಹೋಗಿ ಕಾರ್ಡನ್ನು ಅಮ್ಮನ ಸೊಂಟಕ್ಕೆ ಒತ್ತಿ ಹಿಡಿದ. ಕಾವಲಿ ಮೇಲೆ ದೋಸೆ ಇನ್ನೂ ಬೆಂದಿರಲಿಲ್ಲ. ಅಮ್ಮ ಹಾಗೇ ಅರೆಬೆಂದದ್ದನ್ನೇ ಕೊಟ್ಟರು.

ಆಮೇಲೆ ಸರಸರ. ಆರು ತಿಂಗಳಲ್ಲಿ ನಲವತ್ತರಷ್ಟು ಕಾರ್ಡ್ ಆಗಿರಬೇಕು. ಕಾರ್ಡ್‌ಗಳನ್ನು ಸಾಲಾಗಿ ಅಂಟಿಸಿ ವಾಕ್ಯ ಮಾಡುವ ಪಟ್ಟಿಗೆ ಬಂದಾಗ ಒಂದು ತೊಡಕು. ಇಂಗ್ಲಿಷ್ ಕಿಟ್‌ನಲ್ಲಿ ಬೇಕು ಅನ್ನೋ ಕಾರ್ಡ್ ಎಡಗಡೆ ಮೊದಲು ಬರುತ್ತದೆ. ನಾವು ಅದನ್ನು ಕಿತ್ತು ಬಲತುದಿಗೆ ಅಂಟಿಸಿದೆವು, ನಾವು ಮಾತಾಡುವ ಹಾಗೆ. ಥೆರಪಿಸ್ಟ್‌ಗೆ ಅನುಮಾನ ಇತ್ತು. ವಾರದೊಳಗೆ ಅವನು ಪಟ್ಟಿಯ ಮೇಲೆ ಬೆರಳಿಟ್ಟು, ಕೊನೆಗೆ "ಬೇಕು" ಅಂತ ಬಾಯಲ್ಲೇ ಅಂದ. ಈಗ ಅವರೇ ಬೇರೆ ಕನ್ನಡ ಮನೆಗಳವರಿಗೆ ನನ್ನ ನಂಬರ್ ಕೊಡುತ್ತಾರೆ.

ಚಿತ್ರ ಒತ್ತಿದರೆ ಮಾತಾಡುವ, ಐಐಟಿ ಬಾಂಬೆಯವರ ಜೆಲ್ಲೋ ಆ್ಯಪ್ ಕೂಡ ನೋಡಿದೆವು. ಉಚಿತ, ಚಿತ್ರಗಳು ನಮ್ಮ ದೇಶದ್ದೇ, ಚೆನ್ನಾಗಿದೆ. ನಮ್ಮವನಿಗೆ ಮಾತ್ರ ಟ್ಯಾಬ್ ಅಂದರೆ ಯೂಟ್ಯೂಬ್. ಕಾಗದಕ್ಕೇ ವಾಪಸ್.

ಆಟಿಸಂಗೆ ಒಳ್ಳೆಯದು ಅಂತ ಕೆಲವರು ಹೇಳುವ, ಗೋಧಿ, ಹಾಲು ಬಿಡಿಸುವ ಪಥ್ಯವನ್ನೂ ಮಾಡಿ ನೋಡಿದೆ. ಗೋಧಿ ನಮಗೆ ಕಷ್ಟವೇ ಅಲ್ಲ. ನೀರುದೋಸೆ, ಕಡುಬು, ಗಂಜಿ, ಎಲ್ಲಾ ಅಕ್ಕಿಯದ್ದೇ. ಆದರೆ ಅವನು ತಿನ್ನುವ ನಾಲ್ಕು ವಸ್ತುವಿನಲ್ಲಿ ಮೊಸರನ್ನ ಒಂದು. ಅದನ್ನು ಕಿತ್ತುಕೊಂಡ ಮೇಲೆ ಎರಡು ಕಿಲೋ ಇಳಿದ, ಬೇರೆ ಏನೂ ಬದಲಾಗಲಿಲ್ಲ. ಇನ್ನೊಂದು, ಭಾರದ ದಿಂಬು. ಆನ್‌ಲೈನ್‌ನಲ್ಲಿ ಮೂರು ಸಾವಿರ ಹೇಳುತ್ತಾರೆ. ನಾನು ಹುರುಳಿ ತುಂಬಿ ಹೊಲಿಸಿದೆ. ತೊಡೆ ಮೇಲಿಟ್ಟರೆ ಕೂರುತ್ತಿದ್ದ. ಮಳೆಗಾಲ ಬಂತು, ಹುಳ ಬಂತು. ಈಗ ಒಳಗೆ ಇರೋದು ಸಣ್ಣ ಕಲ್ಲು, ಅಕ್ವೇರಿಯಂ ಅಂಗಡಿಯದ್ದು, ಕಿಲೋಗೆ 40 ಇರಬೇಕು. ಲೋಕಲ್ ಟ್ರೇನಿನ ಹಾರ್ನ್‌ಗೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದವನನ್ನು ಹೇಗೆ ಪಳಗಿಸಿದೆವು ಅನ್ನೋದು ಇನ್ನೊಂದು ಕತೆ. ಅದನ್ನು ಎದುರು ಬಂದು ಕೇಳಿದವರಿಗಷ್ಟೇ ಹೇಳೋದು, ಓದಿ ಮಾಡಿದರೆ ಕೆಡುತ್ತದೆ.

ಕಾಗದಪತ್ರದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಯುಡಿಐಡಿ, ಅಂದರೆ ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಕಾರ್ಡ್, ಮಾಡಿಸಿ, ತಡ ಮಾಡಬೇಡಿ. ಆಸ್ಪತ್ರೆಯಲ್ಲಿ ಆಟಿಸಂ ಎಷ್ಟಿದೆ ಅಂತ ಅಳೆಯುವ ಇಸಾ ಪರೀಕ್ಷೆ ಇರುತ್ತದೆ, 40 ಅಂಶ, ಒಂದೊಂದಕ್ಕೆ 1ರಿಂದ 5. 70ರಿಂದ 106 ಸೌಮ್ಯ, 153ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಮಗು ಅವತ್ತು ಶಾಂತವಾಗಿ ಕೂತುಬಿಟ್ಟರೆ ಅಂಕ ಇಳಿಯುತ್ತದೆ. ಮನೆಯಲ್ಲಿನ ವಿಡಿಯೋ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಸರ್ಟಿಫಿಕೇಟ್ ಕೈಗೆ ಬಂದರೆ ಸರ್ಕಾರದ ನಿರಾಮಯ ಆರೋಗ್ಯ ವಿಮೆ, ವರ್ಷಕ್ಕೆ 1 ಲಕ್ಷದವರೆಗೆ, ಕಂತು ಕೆಲವು ನೂರು ಅಷ್ಟೇ. ಹೆಂಡತಿ ಆದಾಯ ತೆರಿಗೆಯಲ್ಲಿ 80ಡಿಡಿ ಕಲಮಿನ ಕೆಳಗೆ 75,000 ಕಡಿತ ತಗೊಂಡಿದ್ದಾಳೆ, ಸರ್ಟಿಫಿಕೇಟ್‌ನಲ್ಲಿ ಶೇಕಡಾ 80 ಅಥವಾ ಮೇಲೆ ಇದ್ದವರಿಗೆ 1,25,000 ಇತ್ತು. ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಫಾರ್ಮ್ 10-ಐಎ ಬೇಕಿತ್ತು. ಅವಳ ಆಫೀಸಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಲೋಕಲ್‌ನಲ್ಲಿ ದಿವ್ಯಾಂಗರ ಡಬ್ಬಿಯೂ ಸಿಗುತ್ತದೆ. "ಕೈಕಾಲು ನೆಟ್ಟಗಿದೆಯಲ್ಲ" ಅಂತ ಜಗಳ ತೆಗೆಯುವವರು ಇರುತ್ತಾರೆ. ಯುಡಿಐಡಿ ಕಾರ್ಡ್ ತೋರಿಸಿ ಸುಮ್ಮನಿರೋದು.

ಹುಡುಗನಿಗೆ ಈಗ ಏಳು. ಉದ್ದ ವಾಕ್ಯ ಬಂದಿಲ್ಲ, ಕೂದಲು ಕತ್ತರಿಸೋದು ಈಗಲೂ ರಣರಂಗ. ಆದರೆ ಭಾನುವಾರ ನಮ್ಮ ಹೋಟೆಲಿಗೆ ಬಂದರೆ ವೇಟರ್ ಕೈಗೆ ತಾನೇ ಪಟ್ಟಿ ಕೊಡುತ್ತಾನೆ. ವಡೆಯ ಕಾರ್ಡ್ ಮೂರು ಸಲ ಕೊಡುತ್ತಾನೆ, ಮೂರು ವಡೆ ಬರುತ್ತದೆ, ಬಿಲ್ ನನ್ನ ಹೆಸರಿಗೆ.

ಕಾರ್ಡ್ ಮಾಡಲು ಹೊರಟವರಿಗೆ ಒಂದಿಷ್ಟು. ಚಿತ್ರ ಬಿಡಿಸಬೇಡಿ, ಮನೆಯ ವಸ್ತುವಿನದ್ದೇ ಫೋಟೋ ತೆಗೆಯಿರಿ. ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಲ್ಯಾಮಿನೇಶನ್ ಕೇಳಿ, ಮೂಲೆಗಳನ್ನು ಗುಂಡಾಗಿ ಕತ್ತರಿಸಿ, ಇಲ್ಲದಿದ್ದರೆ ಬಾಯಿಗೆ ಹಾಕಿದಾಗ ಗೀರುತ್ತದೆ. ವೆಲ್ಕ್ರೋವನ್ನು ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ತಗೊಳ್ಳಿ. ಎಲ್ಲ ಕಾರ್ಡನ್ನೂ ಎರಡೆರಡು ಮಾಡಿಸಿ. ಒಂದು ಕಳೆದೇ ಹೋಗುತ್ತದೆ.