ಅಡಕತ್ತರಿಯ ಆಕಾರದ ಕಡಿತಮಾಪಕ

ವಿಜ್ಞಾನ ಪ್ರದರ್ಶನಕ್ಕೆ ಜ್ವಾಲಾಮುಖಿಯ ಮಾದರಿ ಮಾಡಿ ತರುವ ಮಕ್ಕಳನ್ನು ಕಂಡು ಕಂಡು ಬೇಸತ್ತು, ನಮ್ಮ ಶಿರಸಿಯ ಹುಡುಗರಿಗೆ ನಾನು ಹಿಡಿಸಿದ ಕೆಲಸ ಇದು. ಕಚ್ಚುವ ಬಲ ಅಳೆಯಬೇಕು. ಸಾಧನದ ನಕ್ಷೆ ಅವರ ಮನೆಯ ಜಗುಲಿಯಲ್ಲೇ ಬಿದ್ದಿರುತ್ತದೆ, ಅಡಕತ್ತರಿಯ ರೂಪದಲ್ಲಿ. ಒಂದು ತುದಿಯಲ್ಲಿ ಕೀಲು, ಇನ್ನೊಂದು ತುದಿಯಲ್ಲಿ ಕೈ, ನಡುವೆ ಅಡಿಕೆ. ಅಡಿಕೆಯ ಜಾಗದಲ್ಲಿ ಲೋಡ್ ಸೆಲ್ (ಒತ್ತುವ ಬಲವನ್ನು ವಿದ್ಯುತ್ ಸಂಕೇತವಾಗಿಸುವ ಬಿಲ್ಲೆ) ಇಟ್ಟು, ಕೈಯ ಬದಲು ಹಲ್ಲಿನಿಂದ ಒತ್ತಿದರೆ ಮಾಪಕ ಸಿದ್ಧ.

20 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಎರಡು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳನ್ನು ಲೇತ್ ಅಂಗಡಿಯಲ್ಲಿ ಕತ್ತರಿಸಿ, ಒಂದು ತುದಿಗೆ ಬೋಲ್ಟಿನ ಕೀಲು ಹಾಕಿಸಿ. ದಪ್ಪದಲ್ಲಿ ಜಿಪುಣತನ ಬೇಡ. ತೆಳುವಾದ ಪಟ್ಟಿ ಬಾಗುತ್ತದೆ, ಆಮೇಲೆ ನೀವು ಅಳೆಯುವುದು ಹಲ್ಲನ್ನಲ್ಲ, ಕಬ್ಬಿಣವನ್ನು. ಕೀಲಿನಿಂದ 12 ಸೆ.ಮೀ. ದೂರದಲ್ಲಿ 100 ಕೆ.ಜಿ. ಸಾಮರ್ಥ್ಯದ ಗುಂಡಿಯಾಕಾರದ ಲೋಡ್ ಸೆಲ್ ಕೂರಬೇಕು, 18 ಸೆ.ಮೀ. ದೂರದಲ್ಲಿ ಹಲ್ಲು ಬೀಳುವ ಗುರುತು ಇರಬೇಕು. ಆಗ ಸೆಲ್ಲಿನ ಮೇಲೆ ಬೀಳುವುದು ಕಚ್ಚಿದ ಬಲದ ಒಂದೂವರೆ ಪಟ್ಟು. ಬಾಯಿಗೆ ಹೋಗುವ ತುದಿಗಳನ್ನು ಒಳಕ್ಕೆ ಬಗ್ಗಿಸಿ, ರಬ್ಬರ್ ಹೊದಿಕೆಯೂ ಸೇರಿ ಒಟ್ಟು ಎತ್ತರ 22 ಮಿ.ಮೀ. ದಾಟದಂತೆ ನೋಡಿಕೊಳ್ಳಿ. ಬಾಯಿ ತೀರಾ ಅಗಲವಾದರೆ ಸ್ನಾಯು ಎಳೆದುಕೊಂಡು ಬಲ ಕುಂದುತ್ತದೆ.

ಸೆಲ್ಲಿನ ತಂತಿಗಳು ಎಚ್‌ಎಕ್ಸ್711 ಎಂಬ, ಸೆಲ್ಲಿನ ಕ್ಷೀಣ ಸಂಕೇತವನ್ನು ಅಂಕಿಯಾಗಿಸುವ ಚಿಕ್ಕ ಹಲಗೆಗೆ, ಅದರಿಂದ ಆ ಅಂಕಿ ಓದುವ ಪುಟ್ಟ ಗಣಕ ಆರ್ಡುಯಿನೋಗೆ ಹೋಗುತ್ತವೆ. ಇವು ಊರಿನಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಿಂದ ತರಿಸಿ. ಬಹುಪಾಲು ಹಲಗೆಗಳು ಸೆಕೆಂಡಿಗೆ 10 ಬಾರಿ ಮಾತ್ರ ಓದುವಂತೆ ಜೋಡಣೆಯಾಗಿ ಬರುತ್ತವೆ. ಅದನ್ನು 80ಕ್ಕೆ ಬದಲಿಸಿಕೊಳ್ಳಿ, ಇಲ್ಲವಾದರೆ ಕಡಿತದ ಶಿಖರವೇ ತಪ್ಪಿಹೋಗುತ್ತದೆ. ವಿದ್ಯುತ್ತಿಗೆ ಬ್ಯಾಟರಿ ಮಾತ್ರ. ಗೋಡೆಯ ಪ್ಲಗ್ಗಿಗೆ ಸೇರಿದ ಯಾವ ತಂತಿಯೂ ಬಾಯಿಗೆ ಹೋಗುವ ಸಾಧನಕ್ಕೆ ತಾಗಬಾರದು. ಮಳೆಗಾಲದಲ್ಲಿ ನಮ್ಮ ಕಡೆಯ ತೇವಕ್ಕೆ ಭಾರವಿಲ್ಲದಾಗಿನ ಓದು ಸೊನ್ನೆಯಲ್ಲಿ ನಿಲ್ಲದೆ ಅಲೆಯುತ್ತಲೇ ಇರುತ್ತದೆ, ಆದ್ದರಿಂದ ಪ್ರತಿ ಕಡಿತಕ್ಕೂ ಮೊದಲು ಸೊನ್ನೆ ಮಾಡಿ.

ಮಾಪನಾಂಕನಕ್ಕೆ, ಅಂದರೆ ಗೊತ್ತಿರುವ ತೂಕಕ್ಕೆ ಓದನ್ನು ಹೊಂದಿಸುವುದಕ್ಕೆ, ಅರ್ಧ ದಿನ ಮೀಸಲಿಡಿ. ಕೆಳಪಟ್ಟಿಯನ್ನು ಮೇಜಿಗೆ ಬಿಗಿದು, ಮೇಲ್ಪಟ್ಟಿಯ ಹಲ್ಲಿನ ಗುರುತಿನಿಂದ ಎರಡೂ ಬದಿಗೆ ಇಳಿಯುವ ಹಗ್ಗದ ಕುಣಿಕೆಯಲ್ಲಿ 5, 10, 20 ಕೆ.ಜಿ. ಬಟ್ಟುಗಳನ್ನು ತೂಗುಹಾಕಿ. ಅಡಿಕೆ ವ್ಯಾಪಾರದ ಊರಿನಲ್ಲಿ ತೂಕದ ಬಟ್ಟಿಗೆ ಬರವಿಲ್ಲ. ಏರಿಸುವಾಗಲೂ ಇಳಿಸುವಾಗಲೂ ಓದಿ ಬರೆದು, ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಗೆರೆ ನೇರವಾಗಿರಬೇಕು. ಇಳಿಸುವಾಗಿನ ಗೆರೆ ಬೇರೆ ದಾರಿ ಹಿಡಿದರೆ ಕೀಲು ಬಿಗಿಯಾಗಿದೆ ಎಂದರ್ಥ, ಎಣ್ಣೆ ಹಾಕಿ. ಕೆ.ಜಿ.ಯನ್ನು 9.8ರಿಂದ ಗುಣಿಸಿದರೆ ನ್ಯೂಟನ್. ಇಟಲಿಯ ವಿಜ್ಞಾನಿ ಬೊರೆಲ್ಲಿ 17ನೇ ಶತಮಾನದಲ್ಲೇ ಮನುಷ್ಯರ ಕೆಳದವಡೆಗೆ ತೂಕ ಕಟ್ಟಿ ಕಚ್ಚುವ ಬಲ ಅಳೆದಿದ್ದ. ನಾವು ತೂಕವನ್ನು ಕಬ್ಬಿಣಕ್ಕೆ ಕಟ್ಟುತ್ತೇವೆ, ಅಷ್ಟು ಸುಧಾರಣೆಯಾಗಿದೆ.

ಇನ್ನು ಕಚ್ಚುವುದು. ಪ್ರತಿಯೊಬ್ಬರಿಗೂ ಸಾಧನದ ಕಚ್ಚುವ ತುದಿಗೆ ಹೊಸ ಕವಚ ತೊಡಿಸಿ, ಮೂರು ಸೆಕೆಂಡು ನಿಧಾನವಾಗಿ ಬಲ ಏರಿಸಲು ಹೇಳಿ, ನಡುವೆ ಒಂದು ನಿಮಿಷ ಬಿಡುವು ಕೊಡಿ. ಮಕ್ಕಳಿಗೆ 30 ಕೆ.ಜಿ., ದೊಡ್ಡವರಿಗೆ 50 ಕೆ.ಜಿ. ಆದೊಡನೆ ಬಝರ್ ಕೂಗುವಂತೆ ಮಾಡಿ, ಕೂಗಿದರೆ ಬಿಟ್ಟುಬಿಡಬೇಕು. ಅಲುಗುವ ಹಲ್ಲು, ರೂಟ್ ಕೆನಾಲ್ ಮಾಡಿಸಿದ ಹಲ್ಲು, ಕ್ಲಿಪ್, ಇಂಪ್ಲಾಂಟ್, ಕಿವಿಯ ಮುಂದೆ ಟಕ್ ಎನ್ನುವ ಕೀಲು ಇರುವವರು ದೂರವಿರಲಿ. ಅಡಿಕೆ, ಗುಟ್ಕಾ ಜಗಿಯುವ ಯಾರಿಗಾದರೂ ಈ ಸಾಧನ ಬಾಯೊಳಗೆ ಹೋಗುವಷ್ಟು ಬಾಯಿ ತೆರೆಯಲು ಬಾರದಿದ್ದರೆ ಅಲ್ಲಿಗೆ ಪ್ರಯೋಗ ನಿಲ್ಲಿಸಿ, ವೈದ್ಯರಲ್ಲಿಗೆ ಕಳಿಸಿ. ಬಾಯಿಯ ಒಳಪದರ ನಾರುಗಟ್ಟುವ ಕಾಯಿಲೆ ಹೀಗೆಯೇ ಕಾಣಿಸಿಕೊಳ್ಳುತ್ತದೆ, ಅದು ಕ್ಯಾನ್ಸರಿಗೆ ತಿರುಗಬಲ್ಲದು. ನಮ್ಮ ಅನ್ನದ ಬೆಳೆಯೇ ಆದರೂ ಇದನ್ನು ಮುಚ್ಚಿಡುವುದು ಸರಿಯಲ್ಲ.

ಅಂಕಿ ಬಂದ ಮೇಲೆ ನಿಜವಾದ ಪಾಠ ಶುರುವಾಗುತ್ತದೆ. ನಮ್ಮ ದವಡೆ ಅಡಕತ್ತರಿಯ ತಿರುಗುಮುರುಗು. ಕೀಲು ಕಿವಿಯ ಮುಂದೆ, ಎಳೆಯುವ ಸ್ನಾಯು ನಡುವೆ, ಹಲ್ಲು ಕೊನೆಗೆ. ಕೀಲಿಗೆ ಹತ್ತಿರದ ದವಡೆಹಲ್ಲಿಗೆ ಬಲ ಹೆಚ್ಚು ಎಂದು ಎಲ್ಲರೂ ಬರೆಯುತ್ತಾರೆ. ದಾರ ಹಿಡಿದು ಅಳೆಯಿರಿ. ಕೀಲಿನಿಂದ ಬಾಚಿಹಲ್ಲಿಗೆ ಸುಮಾರು 10 ಸೆ.ಮೀ., ಮೊದಲ ದವಡೆಹಲ್ಲಿಗೆ ಅದರ ಮೂರರಲ್ಲಿ ಎರಡು ಪಾಲಿನ ಆಸುಪಾಸು. ಸನ್ನೆಯ ಲೆಕ್ಕದಲ್ಲಿ ವ್ಯತ್ಯಾಸ ಒಂದೂವರೆ ಪಟ್ಟು. ಆದರೆ ಪ್ರಯೋಗಾಲಯಗಳಲ್ಲಿ ವಯಸ್ಕರ ದವಡೆಹಲ್ಲಿಗೆ ಸಾಮಾನ್ಯವಾಗಿ ಸಿಗುವುದು 500ರಿಂದ 700 ನ್ಯೂಟನ್, ಬಾಚಿಹಲ್ಲಿಗೆ 100ರಿಂದ 200. ಮೂರು ಪಟ್ಟಿಗೂ ಮಿಕ್ಕಿದ ಈ ಅಂತರವನ್ನು ಸನ್ನೆಯೊಂದೇ ವಿವರಿಸಲಾರದು.

ಉಳಿದ ಉತ್ತರದ ದೊಡ್ಡ ಪಾಲು ಬೇರಿನಲ್ಲಿದೆ. ಹಲ್ಲು ಮೂಳೆಗೆ ಅಂಟಿಕೊಂಡಿಲ್ಲ. ಅವೆರಡರ ನಡುವೆ ಸುಮಾರು 0.2 ಮಿ.ಮೀ. ದಪ್ಪದ ಪೆರಿಯೊಡಾಂಟಲ್ ಲಿಗಮೆಂಟ್ ಎಂಬ ನಾರಿನ ಪದರ ಇದೆ. ಅದರ ಬಹುಪಾಲು ನಾರುಗಳು ಮೂಳೆಯಿಂದ ಬೇರಿನತ್ತ ಓರೆಯಾಗಿ ಇಳಿದಿವೆ. ಮೇಲಿನಿಂದ ಒತ್ತಿದಾಗ ಅವು ಬಿಗಿದುಕೊಂಡು ಭಾರವನ್ನು ಎಳೆತವಾಗಿ ಮೂಳೆಗೆ ದಾಟಿಸುತ್ತವೆ. ನೇರ ಭಾರವನ್ನು ಹೊರುವ ಹಲ್ಲು ಅಡ್ಡ ತಳ್ಳುವಿಕೆಗೆ ಸೋಲುವುದು ಈ ಜೋಡಣೆಯಿಂದಲೇ. ದವಡೆಹಲ್ಲಿಗೆ ಎರಡು ಮೂರು ಬೇರು, ಬಾಚಿಹಲ್ಲಿಗೆ ಒಂದೇ. ಅದೇ ಪದರದಲ್ಲಿರುವ ನರಗಳು ಒತ್ತಡ ಅತಿಯಾಗುವ ಮೊದಲೇ ಸ್ನಾಯುವನ್ನು ತಡೆಯುತ್ತವೆ. ಹೀಗಾಗಿ ಮಾಪಕ ತೋರಿಸುವುದು ಹಲ್ಲು ಒಡೆಯುವ ಮಿತಿಯನ್ನಲ್ಲ, ನರ ಅನುಮತಿ ಕೊಟ್ಟ ಬಲವನ್ನು. ರಬ್ಬರ್ ತೆಗೆದು ಬರೀ ಉಕ್ಕನ್ನು ಕಚ್ಚಲು ಮನಸ್ಸು ಹಿಂಜರಿಯುತ್ತದೆ, ಅಂಕಿ ಇಳಿಯುತ್ತದೆ. ಸ್ನಾಯು ಅದೇ ಇರುತ್ತದೆ.

ಚಾಲಿ ಅಡಿಕೆಯ, ಅಂದರೆ ಒಣಗಿಸಿದ ಗಟ್ಟಿ ಅಡಿಕೆಯ, ಚೂರಿನ ಅಪಾಯವೂ ಇಲ್ಲಿಯೇ ತಿಳಿಯುತ್ತದೆ. 500 ನ್ಯೂಟನ್ ಬಲ 4 ಚದರ ಮಿ.ಮೀ. ಜಾಗದ ಮೇಲೆ ಬಿದ್ದರೆ ಒತ್ತಡ ಚದರ ಮಿ.ಮೀ.ಗೆ 125 ನ್ಯೂಟನ್, ಅಂದರೆ 125 ಮೆಗಾಪಾಸ್ಕಲ್. ಹಲ್ಲಿನ ಹೊರಪದರವಾದ ಎನಾಮೆಲ್ ತೂಕದಲ್ಲಿ ಸುಮಾರು 96 ಶೇಕಡಾ ಖನಿಜ, ಗಟ್ಟಿ, ಆದರೆ ಬಿರುಕು ಬಿಡುವ ಜಾತಿ. ಅಡಿಯ ಡೆಂಟಿನ್ ಮೆತ್ತಗಿದ್ದು ಬಾಗಿ ಸಹಿಸುತ್ತದೆ, ಎರಡರ ಅಲೆಯಂಥ ಗಡಿಯಲ್ಲಿ ಬಹಳಷ್ಟು ಬಿರುಕುಗಳು ನಿಂತುಬಿಡುತ್ತವೆ. ಚೂರು ಹಠಾತ್ತಾಗಿ ಸಿಕ್ಕಾಗ ನರದ ತಡೆ ತಡವಾಗುತ್ತದೆ, ಸವೆದ ಅಥವಾ ತುಂಬಿಸಿದ ಹಲ್ಲು ಆಗ ಸೀಳುತ್ತದೆ.

ವರದಿಯಲ್ಲಿ ಯಾವ ಹಲ್ಲು, ಯಾವ ಬದಿ, ಬಾಯಿ ಎಷ್ಟು ತೆರೆದಿತ್ತು, ಯಾವ ರಬ್ಬರ್ ಎಂಬುದನ್ನು ಬರೆದ ಮೇಲೆಯೇ ನ್ಯೂಟನ್ ಬರೆಯಿರಿ. ಪ್ರದರ್ಶನದ ದಿನ ನಾಲ್ಕಾರು ಹೊಸ ಕವಚಗಳು ಹೆಚ್ಚಿಗೆ ಇರಲಿ. ನಿರ್ಣಾಯಕರು ತಮ್ಮ ಬಲ ಎಷ್ಟೆಂದು ಕೇಳದೆ ಮೇಜು ಬಿಟ್ಟು ಹೋಗುವುದಿಲ್ಲ.