ಫಾರ್ಮ್ಯಾಟ್ ಮಾಡದೆ ಆಡ್‌ವೇರ್ ತೆಗೆಯುವ ನನ್ನ ಕ್ರಮ

ಪಾಪ್‌ಅಪ್ ಜಾಹೀರಾತುಗಳಿಂದ ತುಂಬಿಹೋದ ಕಂಪ್ಯೂಟರ್ ಕೈಗೆ ಬಂದಾಗ ನಮ್ಮ ಕಸುಬಿನ ಬಹುಪಾಲು ಜನ ಮಾಡುವುದು ಒಂದೇ: ಡೇಟಾ ಬ್ಯಾಕಪ್ ತೆಗೆದಿಟ್ಟುಕೊಂಡು ವಿಂಡೋಸನ್ನು ಹೊಸದಾಗಿ ಹಾಕಿಕೊಡುವುದು. ಸ್ಕ್ಯಾನರ್ ಓಡಿಸುವ ಮೊದಲೇ ಆಡ್‌ವೇರಿನ, ಅಂದರೆ ಬೇಡದ ಜಾಹೀರಾತು ತೋರಿಸುವ ಪ್ರೋಗ್ರಾಮಿನ, ಬೇರು ಕೀಳಬಹುದು, ಫಾರ್ಮ್ಯಾಟ್ ಬೇಕಾಗುವುದು ಅಪರೂಪ ಎಂದು ನಾನು ಹೇಳಿದಾಗ ಜೊತೆಗಾರರಲ್ಲಿ ಯಾರೂ ನಂಬಲಿಲ್ಲ. ಸಮಯಕ್ಕೆ ಬೆಲೆ ಕೊಡದವರು ಮಾಡುವ ಕೆಲಸವಿದು ಎಂದು ಹಿರಿಯರೊಬ್ಬರು ಮುಖಕ್ಕೇ ಹೇಳಿದರು. ಒಂದು ವರ್ಷಕ್ಕೂ ಮೀರಿ ಇದೇ ಕ್ರಮದಲ್ಲಿ ದುಡಿದ ಮೇಲೆ, ಹತ್ತರಲ್ಲಿ ಒಂಬತ್ತರಷ್ಟು ಯಂತ್ರಗಳು ಅದೇ ದೂರಿನೊಂದಿಗೆ ನನ್ನ ಬಳಿ ಮರಳಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಆ ಹಿರಿಯರೇ ಈಗ ತಮಗೆ ಬಗೆಹರಿಯದ ಲ್ಯಾಪ್‌ಟಾಪ್‌ಗಳನ್ನು ನನಗೆ ಕಳುಹಿಸುತ್ತಾರೆ.

ಹಳೆಯ ದಾರಿ ಎಲ್ಲರಿಗೂ ಗೊತ್ತಿರುವುದೇ. ಆಡ್‌ಡಬ್ಲ್ಯುಕ್ಲೀನರ್ ಎಂಬ ಸ್ಕ್ಯಾನರ್ ಓಡಿಸುವುದು, ಮೇಲೆ ಮಾಲ್‌ವೇರ್‌ಬೈಟ್ಸ್ ಎಂಬ ಇನ್ನೊಂದನ್ನು ಓಡಿಸುವುದು, ಬ್ರೌಸರ್ ರೀಸೆಟ್ ಮಾಡುವುದು, ಯಂತ್ರ ಒಪ್ಪಿಸುವುದು. 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯೇ ಆಡ್‌ಡಬ್ಲ್ಯುಕ್ಲೀನರನ್ನು ಕೊಂಡುಕೊಂಡ ಮೇಲೆ ಎರಡೂ ಒಂದೇ ಮನೆಯವಾದವು; ಕ್ರೋಮ್‌ನೊಳಗೇ ಇದ್ದ ಸ್ವಚ್ಛಗೊಳಿಸುವ ಸಾಧನವನ್ನು ಗೂಗಲ್ 2023ರಲ್ಲಿ, 111ನೇ ಆವೃತ್ತಿಯಿಂದ ತೆಗೆದುಹಾಕಿತು. ಈ ಸಾಧನಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ, ಇಂದಿಗೂ ಕೊನೆಯ ಹಂತದಲ್ಲಿ ಅವನ್ನೇ ಓಡಿಸುತ್ತೇನೆ. ಆದರೆ ಮೊದಲೇ ಓಡಿಸಿದರೆ ಅವು ಗುರುತು ಸಿಕ್ಕ ಕಡತಗಳನ್ನು ಎತ್ತಿ ಬೇರೆಡೆ ಬಂಧಿಸಿಡುತ್ತವೆ, ಆ ಕಡತಗಳನ್ನು ಮತ್ತೆ ಕರೆತರುವ ಏರ್ಪಾಡು ಎಷ್ಟೋ ಸಲ ಹಾಗೆಯೇ ಉಳಿಯುತ್ತದೆ, ಜೊತೆಗೆ ಆ ಏರ್ಪಾಡು ಎಲ್ಲಿದೆ ಎಂದು ತೋರಿಸಬಹುದಾಗಿದ್ದ ಜಾಡೂ ಅಳಿಸಿಹೋಗುತ್ತದೆ. ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ಎರಡು ದಿನ ಶಾಂತವಾಗಿದ್ದು ಮೂರನೆಯ ದಿನ ಗ್ರಾಹಕರ ಕರೆ ಬಂದರೆ ಮರುಕೆಲಸಕ್ಕೆ ಹಣ ಕೇಳುವಂತಿಲ್ಲ. ಆ ಕಾಲದಲ್ಲಿ ನನ್ನ ದುಡಿಮೆಯ ಸುಮಾರು ಮೂರನೇ ಒಂದು ಪಾಲು ಇಂತಹ ಪುಕ್ಕಟೆ ಮರುಕೆಲಸದಲ್ಲೇ ಕರಗುತ್ತಿತ್ತು. ಎರಡು ವರ್ಷ ಹಣ ಕೊಟ್ಟು ಇಟ್ಟುಕೊಂಡಿದ್ದ ಒಂದು ಸಾಧನದ ವೃತ್ತಿಪರ ಲೈಸೆನ್ಸ್ ತನ್ನ ಖರ್ಚನ್ನೂ ಹುಟ್ಟಿಸಲಿಲ್ಲ.

ಈಗ ನಾನು ಮೊದಲು ಮಾಡುವುದು ಏನನ್ನೂ ಅಳಿಸದೆ ಜಾಹೀರಾತು ಬರುವವರೆಗೆ ಕಾಯುವುದು. ಅದು ಬಂದಾಗ, ಓಡುತ್ತಿರುವ ಪ್ರೋಗ್ರಾಮ್‌ಗಳನ್ನು (ಪ್ರೋಸೆಸ್‌ಗಳನ್ನು) ತೋರಿಸುವ ಪ್ರೋಸೆಸ್ ಎಕ್ಸ್‌ಪ್ಲೋರರ್‌ನಲ್ಲಿರುವ ಗುರಿಚಿಹ್ನೆಯನ್ನು ಎಳೆದು ಆ ಕಿಟಕಿಯ ಮೇಲೆ ಬಿಟ್ಟರೆ, ಅದು ಯಾವ ಪ್ರೋಸೆಸ್ಸಿನದು ಎಂಬುದು ತಕ್ಷಣ ತಿಳಿಯುತ್ತದೆ. ಬ್ರೌಸರಿನ ನೋಟಿಫಿಕೇಶನ್ನೇ, ತಾನಾಗಿ ತೆರೆದುಕೊಂಡ ಟ್ಯಾಬೇ, ಪ್ರತ್ಯೇಕ ಪ್ರೋಗ್ರಾಮೇ ಎಂದು ತೀರ್ಮಾನವಾಗದೆ ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ.

ಈಚಿನ ವರ್ಷಗಳಲ್ಲಿ ನನ್ನ ಬಳಿ ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೋಟಿಫಿಕೇಶನ್‌ಗಳು. ನೀವು ರೋಬೋಟ್ ಅಲ್ಲವೆಂದು ತೋರಿಸಲು ಅನುಮತಿ ಒತ್ತಿ ಎಂದು ಯಾವುದೋ ತಾಣ ಕೇಳಿರುತ್ತದೆ, ಬಳಕೆದಾರರು ಒತ್ತಿರುತ್ತಾರೆ, ಅಂದಿನಿಂದ ಪರದೆಯ ಬಲಮೂಲೆಯಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ ಎಂಬ ಎಚ್ಚರಿಕೆಗಳು, ಆಂಟಿವೈರಸ್ ಕಂಪನಿಯ ಚಿಹ್ನೆಯನ್ನೇ ಹೊತ್ತು, ಸಾಲಾಗಿ ಇಳಿಯುತ್ತವೆ. ಯಂತ್ರದಲ್ಲಿ ಅಳಿಸಬೇಕಾದ ಕಡತ ಒಂದೂ ಇಲ್ಲದಿರುವುದರಿಂದ ಸ್ಕ್ಯಾನರ್ ಎಲ್ಲವೂ ಸರಿಯಿದೆ ಎನ್ನುತ್ತದೆ, ಎಚ್ಚರಿಕೆಗಳು ಬರುತ್ತಲೇ ಇರುತ್ತವೆ, ಕೊನೆಗೆ ಫಾರ್ಮ್ಯಾಟ್ ಆಗುತ್ತದೆ. ಆ ಅನುಮತಿ ಬ್ರೌಸರ್ ಪ್ರೊಫೈಲಿನಲ್ಲಿ ದಾಖಲಾಗಿರುವುದರಿಂದ, ಪ್ರೊಫೈಲನ್ನೂ ಬ್ಯಾಕಪ್‌ನಿಂದ ಮರಳಿ ಹಾಕಿಕೊಟ್ಟವರಿಗೆ ಫಾರ್ಮ್ಯಾಟ್ ಆದ ಮೇಲೂ ಅವು ಬಂದದ್ದನ್ನು ಕಂಡಿದ್ದೇನೆ. ನೋಟಿಫಿಕೇಶನ್ ಪೆಟ್ಟಿಗೆಯಲ್ಲಿ ಸಣ್ಣ ಅಕ್ಷರದಲ್ಲಿ ತಾಣದ ವಿಳಾಸ ಇದ್ದೇ ಇರುತ್ತದೆ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ಅದರ ಅನುಮತಿ ಕಿತ್ತು, ಮುಂದೆ ಯಾವ ತಾಣವೂ ಕೇಳದಂತೆ ಮಾಡಿದರೆ ಕೆಲಸ ಮುಗಿಯಿತು. ಎರಡು ನಿಮಿಷದ ಈ ಕೆಲಸಕ್ಕೆ ಎಷ್ಟು ಹಣ ಕೇಳಬೇಕೆಂಬ ವಾದ ನಮ್ಮವರಲ್ಲಿ ಇನ್ನೂ ಮುಗಿದಿಲ್ಲ. ನಾನು ಫಾರ್ಮ್ಯಾಟ್ ಶುಲ್ಕದ ಕಾಲು ಭಾಗ ಕೇಳುತ್ತೇನೆ. ಏನೂ ಕೇಳದಿದ್ದರೆ ಕೆಲಸ ತಿಳಿದಿರುವುದಕ್ಕೆ ಬೆಲೆಯಿಲ್ಲದಂತಾಗುತ್ತದೆ, ಪೂರ್ತಿ ಕೇಳಿದರೆ ನನಗೇ ಮುಜುಗರ.

ನಿಜವಾದ ಕೆಲಸವಿರುವುದು ಟ್ಯಾಬ್‌ಗಳು ತಾವಾಗಿ ತೆರೆದುಕೊಳ್ಳುವ, ಹುಡುಕಾಟ ಬೇರೆಡೆಗೆ ತಿರುಗುವ, ತೆಗೆದ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಸಣ್ಣ ಪ್ರೋಗ್ರಾಮ್) ಮರುದಿನ ಮತ್ತೆ ಕಾಣಿಸಿಕೊಳ್ಳುವ ಯಂತ್ರಗಳಲ್ಲಿ. ಇಲ್ಲಿ ನನ್ನ ಇಡೀ ಪದ್ಧತಿ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಇದನ್ನು ಮರಳಿ ಕರೆತರುತ್ತಿರುವುದು ಯಾವುದು? ನಿಯತವಾದ ಅಂತರದಲ್ಲಿ ಬರುತ್ತಿದ್ದರೆ ನಿಗದಿತ ಸಮಯಕ್ಕೆ ಕೆಲಸ (ಟಾಸ್ಕ್) ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಮೇಲೆ ಅನುಮಾನ, ಬ್ರೌಸರ್ ತೆರೆದಾಗ ಮಾತ್ರ ಬಂದರೆ ಶಾರ್ಟ್‌ಕಟ್ ಅಥವಾ ಪಾಲಿಸಿ (ಬ್ರೌಸರಿನ ಮೇಲೆ ಹೇರಿದ ನಿಯಮ), ಫೋನಿನಲ್ಲೂ ಅದೇ ಬರುತ್ತಿದ್ದರೆ ಕಂಪ್ಯೂಟರನ್ನು ಬಿಟ್ಟು ರೌಟರ್ ನೋಡಬೇಕು. ರೌಟರಿನ ಮಾತು ಊಹೆಯದಲ್ಲ. ಡಿಎನ್‌ಎಸ್‌ಚೇಂಜರ್ ಎಂಬ ಮಾಲ್‌ವೇರ್ ಸುಮಾರು 40 ಲಕ್ಷ ಕಂಪ್ಯೂಟರ್‌ಗಳ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸ ಬದಲಿಸಿ ಜಾಹೀರಾತಿನಿಂದ ಹಣ ಮಾಡುತ್ತಿದ್ದದ್ದನ್ನು 2011ರಲ್ಲಿ ಎಫ್‌ಬಿಐ ಹಿಡಿದಾಗ, ರೌಟರ್‌ಗಳ ಡೀಫಾಲ್ಟ್ ಪಾಸ್‌ವರ್ಡ್ ಬಳಸಿ ಅವುಗಳ ಸೆಟ್ಟಿಂಗನ್ನೂ ಅದು ಬದಲಿಸುತ್ತಿತ್ತೆಂಬುದು ಹೊರಬಂದಿತ್ತು.

ಟಾಸ್ಕ್‌ಗಳನ್ನು ನೋಡಲು, ತಾನಾಗಿ ಓಡುವ ಎಲ್ಲವನ್ನೂ ಪಟ್ಟಿ ಮಾಡುವ ಆಟೋರನ್ಸ್ ಎಂಬ ಸಾಧನ ಸಾಕು. ಆದರೆ ಶೆಡ್ಯೂಲ್ಡ್ ಟಾಸ್ಕ್‌ಗಳ ಪುಟದಲ್ಲಿ ಮಾತ್ರ ಮೈಕ್ರೋಸಾಫ್ಟ್ ನಮೂದುಗಳನ್ನು ಮರೆಮಾಡುವ ಆಯ್ಕೆಯನ್ನು ನಾನು ತೆಗೆದುಬಿಡುತ್ತೇನೆ, ಏಕೆಂದರೆ ಆಡ್‌ವೇರ್ ಬಳಸುವ ಪವರ್‌ಶೆಲ್, ಡಬ್ಲ್ಯುಸ್ಕ್ರಿಪ್ಟ್, ರನ್‌ಡಿಎಲ್‌ಎಲ್32 ಎಂಬ ವಿಂಡೋಸಿನ ಸಾಧನಗಳೆಲ್ಲವೂ ಮೈಕ್ರೋಸಾಫ್ಟಿನ ಸಹಿ ಹೊತ್ತವೇ; ಸಹಿ ನೋಡಿ ಸುಮ್ಮನಾದರೆ ಅವುಗಳ ಮುಂದೆ ಬರೆದಿರುವ ಆದೇಶ ಕಣ್ಣಿಗೆ ಬೀಳುವುದಿಲ್ಲ. 2022ರಲ್ಲಿ ಹರಡಿದ ಕ್ರೋಮ್‌ಲೋಡರ್ ಎಂಬ ಆಡ್‌ವೇರ್ ಮಾಡಿದ್ದು ಇದನ್ನೇ. ಕ್ರ್ಯಾಕ್ ಮಾಡಿದ ಆಟವೆಂದೋ ಸಿನಿಮಾವೆಂದೋ ಐಎಸ್ಒ (ಡಿಸ್ಕಿನ ಪ್ರತಿ) ಕಡತದ ರೂಪದಲ್ಲಿ ಬಂದು, ನೇರವಾಗಿ ಓದಲಾಗದ ಬೇಸ್64 ರೂಪಕ್ಕೆ ತಿರುಗಿಸಿದ ಪವರ್‌ಶೆಲ್ ಆದೇಶವನ್ನು ಟಾಸ್ಕ್ ಆಗಿ ಸೇರಿಸಿ, ತನ್ನ ಎಕ್ಸ್‌ಟೆನ್ಷನನ್ನು ಮತ್ತೆ ಮತ್ತೆ ಬ್ರೌಸರಿಗೆ ತುಂಬುತ್ತಿತ್ತು. ಅಂತಹ ಆದೇಶವನ್ನು ಅಳಿಸುವ ಮೊದಲು ಬಿಡಿಸಿ ಓದಿ. ಅದು ಅಕ್ಷರಕ್ಕೆ ಕನಿಷ್ಠ ಎರಡು ಬೈಟ್ ಬಳಸುವ ಯುಟಿಎಫ್-16ರಲ್ಲಿರುತ್ತದೆ ಎಂಬುದು ನೆನಪಿರಲಿ, ಇಲ್ಲವಾದರೆ ಅಕ್ಷರಗಳ ನಡುವೆ ಖಾಲಿ ಬೈಟ್‌ಗಳು ಕಂಡು ಗಲಿಬಿಲಿಯಾಗುತ್ತದೆ. ಉಳಿದ ತುಣುಕುಗಳು ಯಾವ ಫೋಲ್ಡರಿನಲ್ಲಿವೆ ಎಂಬುದನ್ನು ಆ ಆದೇಶವೇ ಹೇಳಿಬಿಡುವುದು ಹೆಚ್ಚು.

ಪಾಲಿಸಿಯ ಆಟ ಇನ್ನೂ ಸೊಗಸಾದದ್ದು, ನನ್ನನ್ನು ಹೆಚ್ಚು ಕಾಡಿದ್ದೂ ಅದೇ. ಮನೆಯ ಕಂಪ್ಯೂಟರಿನ ಕ್ರೋಮ್‌ನಲ್ಲಿ ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಕಂಡರೆ, ಎಕ್ಸ್‌ಟೆನ್ಷನಿನ ಪಕ್ಕದಲ್ಲಿ ತೆಗೆಯುವ ಗುಂಡಿಯೇ ಇಲ್ಲದಿದ್ದರೆ, ಕಡ್ಡಾಯವಾಗಿ ಸ್ಥಾಪಿಸಬೇಕಾದ ಎಕ್ಸ್‌ಟೆನ್ಷನ್‌ಗಳ ಪಟ್ಟಿಯಲ್ಲಿ ಅದರ ಹೆಸರನ್ನು ಯಾರೋ ಸೇರಿಸಿದ್ದಾರೆ ಎಂದರ್ಥ. ವಿಂಡೋಸಿನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ಪಾಲಿಸೀಸ್ ಕೆಳಗಿನ ಕ್ರೋಮ್ ಕೀಯನ್ನು ಎಲ್ಲರೂ ಅಳಿಸುತ್ತಾರೆ, ಅದು ಕೆಲವು ಗಂಟೆಗಳಲ್ಲಿ ಮರಳುತ್ತದೆ, ಆಗ ಎಲ್ಲರೂ ಸೋಲೊಪ್ಪಿಕೊಳ್ಳುತ್ತಾರೆ. ಅದರ ಮೂಲ ಪ್ರತಿ ಸಿಸ್ಟಮ್32 ಒಳಗಿನ ಗ್ರೂಪ್‌ಪಾಲಿಸಿ ಫೋಲ್ಡರಿನಲ್ಲಿ ರಿಜಿಸ್ಟ್ರಿ.ಪಾಲ್ ಎಂಬ ಕಡತದಲ್ಲಿ ಕುಳಿತಿರಬಹುದು, ಮತ್ತು ವಿಂಡೋಸ್ ತಾನೇ ನಿಷ್ಠೆಯಿಂದ ಅದನ್ನು ಮತ್ತೆ ರಿಜಿಸ್ಟ್ರಿಗೆ ಬರೆಯುತ್ತಿರುತ್ತದೆ. ಮೊದಲು ಆ ಕಡತ, ಆಮೇಲೆ ರಿಜಿಸ್ಟ್ರಿ ಕೀ, ಆಮೇಲೆ ಪಾಲಿಸಿ ರಿಫ್ರೆಶ್, ಕೊನೆಗೆ ಎಕ್ಸ್‌ಟೆನ್ಷನ್: ಈ ಕ್ರಮ ತಪ್ಪಿದರೆ ಶ್ರಮವೆಲ್ಲ ವ್ಯರ್ಥ. ಕಚೇರಿಯಿಂದ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಅಲ್ಲಿಯ ಪಾಲಿಸಿ ನಿಜವಾದದ್ದೇ ಆಗಿರುವುದರಿಂದ ಕೈ ಹಚ್ಚಬಾರದು.

ಹಣದ ಲೆಕ್ಕದಲ್ಲಿ ನನಗೆ ಅತಿ ದುಬಾರಿಯಾಗಿ ಬಿದ್ದದ್ದು ಮೇಲಿನ ಎಲ್ಲವೂ ಸ್ವಚ್ಛವಾಗಿದ್ದರೂ ವಾರಗಟ್ಟಲೆ ಮರಳುತ್ತಿದ್ದ ಒಂದು ಯಂತ್ರ. ಟಾಸ್ಕ್ ಇರಲಿಲ್ಲ, ಪಾಲಿಸಿ ಇರಲಿಲ್ಲ, ಸಂಪರ್ಕವನ್ನು ಬೇರೆಡೆಗೆ ತಿರುಗಿಸುವ ಪ್ರಾಕ್ಸಿ ಇರಲಿಲ್ಲ, ಬೇರೊಬ್ಬರು ಅದನ್ನು ನನಗಿಂತ ಮೊದಲೇ ಫಾರ್ಮ್ಯಾಟ್ ಕೂಡ ಮಾಡಿದ್ದರು. ಕೊನೆಗೆ ತಿಳಿದದ್ದೇನೆಂದರೆ ಅದೇ ಖಾತೆಯಿಂದ ಲಾಗಿನ್ ಆಗಿದ್ದ ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ಆ ಎಕ್ಸ್‌ಟೆನ್ಷನ್ ಇತ್ತು, ಬ್ರೌಸರ್ ಸಿಂಕ್ ಅದನ್ನು ಇಲ್ಲಿಗೆ ತಂದಿಳಿಸುತ್ತಿತ್ತು. ಎರಡೂ ಕಡೆ ಸಿಂಕ್ ನಿಲ್ಲಿಸಿ, ಖಾತೆಯಲ್ಲಿದ್ದ ಸಿಂಕ್ ದತ್ತಾಂಶ ಅಳಿಸಿ, ಎರಡೂ ಯಂತ್ರಗಳನ್ನು ಸ್ವಚ್ಛಗೊಳಿಸಿದ ಮೇಲೆ ಅದು ನಿಂತಿತು. ಆ ಕೆಲಸಕ್ಕೆ ಹೋದ ಸಮಯಕ್ಕೆ ಹೋಲಿಸಿದರೆ ಕೈಗೆ ಬಂದ ಹಣ ಏನೂ ಅಲ್ಲ; ಆದರೆ ಫಾರ್ಮ್ಯಾಟೇ ಕಡೆಯ ಮದ್ದು ಎನ್ನುವವರಿಗೆ ಉತ್ತರವಾಗಿ ನಾನು ಇಂದಿಗೂ ಮುಂದಿಡುವುದು ಆ ಯಂತ್ರವನ್ನೇ.

ಶಾರ್ಟ್‌ಕಟ್ಟಿನ ಟಾರ್ಗೆಟ್ ಸಾಲಿನ ಕೊನೆಗೆ ಜಾಹೀರಾತು ತಾಣದ ವಿಳಾಸ ಅಂಟಿಸುವುದು ಹಳೆಯ ವಿದ್ಯೆ. ಸರಿಪಡಿಸಿದ ಶಾರ್ಟ್‌ಕಟ್ ಅರ್ಧ ಗಂಟೆಯಲ್ಲಿ ಮತ್ತೆ ಕೆಟ್ಟಿದ್ದರೆ ಆಟೋರನ್ಸ್‌ನ ಡಬ್ಲ್ಯುಎಂಐ (ವಿಂಡೋಸಿನ ಒಳ ನಿರ್ವಹಣಾ ವ್ಯವಸ್ಥೆ) ಪುಟ ತೆರೆಯಿರಿ: ಅಲ್ಲಿ ಒಂದು ಈವೆಂಟ್ ಕನ್ಸ್ಯೂಮರ್ (ಘಟನೆ ನಡೆದಾಗ ಕೆಲಸ ಮಾಡುವ ನಮೂದು) ಕುಳಿತು, ಯಾವ ಕಡತವೂ ಇಲ್ಲದೆ, ನಿಯತವಾಗಿ ಸ್ಕ್ರಿಪ್ಟ್ ಓಡಿಸುತ್ತಿರಬಹುದು. ಯಾವಾಗ ಓಡಬೇಕೆಂದು ಹೇಳುವ ಫಿಲ್ಟರ್, ಕನ್ಸ್ಯೂಮರ್, ಇವೆರಡನ್ನು ಬೆಸೆಯುವ ಬೈಂಡಿಂಗ್ ಮೂರನ್ನೂ ತೆಗೆಯಬೇಕು.

ಸ್ಕ್ಯಾನರ್ ಓಡಿಸುವ ಮುನ್ನ ನಾನು ಬಿಡದೆ ನೋಡುವ ಇನ್ನೊಂದು ಜಾಗ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನ ವಿನಾಯಿತಿ ಪಟ್ಟಿ, ಅಂದರೆ ಅದು ಪರೀಕ್ಷಿಸದೆ ಬಿಡುವ ಜಾಗಗಳ ಪಟ್ಟಿ. ಆಡ್ಮಿನ್ ಅನುಮತಿ ಪಡೆದ ಇನ್‌ಸ್ಟಾಲರ್ ತನ್ನ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ, ಅಲ್ಲಿ ಸೇರಿಸಿಬಿಟ್ಟಿರುತ್ತದೆ; ಆಮೇಲೆ ಡಿಫೆಂಡರ್ ಎಷ್ಟು ಸಲ ಓಡಿದರೂ ಏನೂ ಸಿಗುವುದಿಲ್ಲ. ಬೇಡದ ಪ್ರೋಗ್ರಾಮ್‌ಗಳನ್ನು ತಡೆಯುವ ಆಯ್ಕೆಯನ್ನು ಮೈಕ್ರೋಸಾಫ್ಟ್ 2020ರ ಮೇ ಅಪ್‌ಡೇಟಿನಲ್ಲಿ ಸೆಟ್ಟಿಂಗ್ಸ್‌ಗೆ ತಂದಿದ್ದರೂ ಅದನ್ನು ಆಫ್ ಮಾಡಿಟ್ಟ ಯಂತ್ರಗಳು ಈಗಲೂ ಸಿಗುತ್ತವೆ, ಅದನ್ನೂ ಆನ್ ಮಾಡಿ ಕೊಡುತ್ತೇನೆ. ಯಾವ ತಾಣಗಳನ್ನು ನಂಬಬಹುದೆಂದು ನಿರ್ಧರಿಸುವ ರೂಟ್ ಸರ್ಟಿಫಿಕೇಟ್‌ಗಳ ಪಟ್ಟಿಯ ಮೇಲೂ ಒಮ್ಮೆ ಕಣ್ಣಾಡಿಸುತ್ತೇನೆ. 2015ರಲ್ಲಿ ಬಯಲಾದ ಸೂಪರ್‌ಫಿಶ್ ಎಂಬ ಆಡ್‌ವೇರ್ ಹೊಸ ಲ್ಯಾಪ್‌ಟಾಪ್‌ಗಳಲ್ಲೇ ತನ್ನ ಸರ್ಟಿಫಿಕೇಟ್ ಸೇರಿಸಿಕೊಂಡು ಸುರಕ್ಷಿತವಾದ ಎಚ್‌ಟಿಟಿಪಿಎಸ್ ಪುಟಗಳ ಒಳಗೂ ಜಾಹೀರಾತು ತೂರಿಸುತ್ತಿದ್ದದ್ದು ಮರೆಯುವಂತಹದಲ್ಲ.

ಈ ಅನುಮಾನಗಳ ಪಟ್ಟಿ ಬೆಳೆದದ್ದು ಒಂದು ಹಳೆಯ ಯಂತ್ರದ ಮೇಲೆ ನಡೆಸಿದ ಪ್ರಯೋಗಗಳಿಂದ. ಉಚಿತ ಡೌನ್‌ಲೋಡರ್‌ಗಳನ್ನು ತಂದು, ಮುಂದೆ ಮುಂದೆ ಎಂದು ಕಣ್ಣು ಮುಚ್ಚಿ ಒತ್ತಿ, ಮೊದಲು ಮತ್ತು ನಂತರದ ಆಟೋರನ್ಸ್ ಪ್ರತಿಗಳನ್ನು ಹೋಲಿಸಿದೆ. ಒಂದೇ ಇನ್‌ಸ್ಟಾಲರ್‌ನಿಂದ ಏಳೆಂಟು ಪ್ರೋಗ್ರಾಮ್‌ಗಳು, ಇಪ್ಪತ್ತರ ಆಸುಪಾಸು ಹೊಸ ನಮೂದುಗಳು ಬಂದವು. ಅದೇ ಇನ್‌ಸ್ಟಾಲರನ್ನು ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರಿನಲ್ಲಿ) ಓಡಿಸಿದಾಗ ಅದು ಸಂಭಾವಿತನಂತೆ ನಡೆದುಕೊಂಡಿತು, ಜೊತೆಯ ಯಾವ ಪ್ರೋಗ್ರಾಮನ್ನೂ ಹಾಕಲಿಲ್ಲ. ವರ್ಚುವಲ್ ಮಷೀನನ್ನು ಗುರುತು ಹಿಡಿಯುವಂತಹ ಇನ್‌ಸ್ಟಾಲರ್‌ಗಳಿರುವುದರಿಂದ ಅಲ್ಲಿ ಪರೀಕ್ಷಿಸಿ ನಿರಪಾಯವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಇನ್ನೊಮ್ಮೆ ಬೇಕೆಂದೇ ಹತ್ತಾರು ತಾಣಗಳಿಗೆ ನೋಟಿಫಿಕೇಶನ್ ಅನುಮತಿ ಕೊಟ್ಟು ಬಿಟ್ಟೆ: ಮೊದಲ ಕೆಲವು ಗಂಟೆ ಬಹುತೇಕ ಮೌನ, ಮರುದಿನ ನೂರರ ಹತ್ತಿರ. ಯಾವ ತಾಣಕ್ಕೆ ಹೋದಾಗ ಇದು ಅಂಟಿತು ಎಂದು ಬಳಕೆದಾರರಿಗೆ ನೆನಪಿರದಿರುವುದಕ್ಕೆ ಈ ಅಂತರವೇ ಕಾರಣವಿರಬೇಕು.

ಮರುಜೀವ ಕೊಡುವ ದಾರಿಗಳೆಲ್ಲ ಕಡಿದ ಮೇಲೆ, ನೆಟ್‌ವರ್ಕ್ ತಪ್ಪಿಸಿ, ಪ್ರೋಗ್ರಾಮ್‌ಗಳನ್ನು ಸ್ಥಾಪನೆಯ ದಿನಾಂಕದಂತೆ ಜೋಡಿಸಿಕೊಂಡು ಒಂದೊಂದಾಗಿ ತೆಗೆಯುತ್ತೇನೆ, ಆಮೇಲೆ ಸ್ಕ್ಯಾನರ್. ಸ್ಥಾಪನೆಯ ದಿನಾಂಕವನ್ನೇ ಸುಳ್ಳು ಮಾಡಿಕೊಂಡಿರುವ ಪ್ರೋಗ್ರಾಮ್‌ಗಳನ್ನು ಹಿಡಿಯಲು ನನ್ನದೇ ಒಂದು ಸಣ್ಣ ಸ್ಕ್ರಿಪ್ಟ್ ಇದೆ; ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಅನ್ನದ ಮಾತು. ರೀಸ್ಟಾರ್ಟ್ ಮಾಡಿ, ನೆಟ್‌ವರ್ಕ್ ಕೊಟ್ಟು, ಒಂದೆರಡು ಗಂಟೆ ಹಾಗೆಯೇ ಬಿಟ್ಟು, ಮತ್ತೆ ಆಟೋರನ್ಸ್ ಪ್ರತಿ ತೆಗೆದು ಗ್ರಾಹಕರ ಹೆಸರಿನಲ್ಲಿ ಉಳಿಸಿಕೊಳ್ಳುತ್ತೇನೆ. ಅದೇ ಯಂತ್ರ ಮುಂದೊಂದು ದಿನ ಬಂದರೆ ಹೋಲಿಕೆಗೆ ಐದು ನಿಮಿಷ ಸಾಕು, ಹೊಸ ಸೋಂಕೇ ಹಳೆಯದೇ ಎಂಬ ಜಗಳವೂ ಇರುವುದಿಲ್ಲ. ಮೊದಮೊದಲು ಇಷ್ಟಕ್ಕೆ ಅರ್ಧ ದಿನ ಹಿಡಿಯುತ್ತಿತ್ತು, ಈಗ ನನ್ನ ಕೈ ಓಡುವುದು ಒಂದು ಗಂಟೆಯಷ್ಟೇ. ಶುಲ್ಕ ಫಾರ್ಮ್ಯಾಟಿನ ಒಂದೂವರೆ ಪಟ್ಟು, ಪ್ರೋಗ್ರಾಮ್ ಮತ್ತು ಸೆಟ್ಟಿಂಗ್ ಒಂದೂ ಕಳೆದುಹೋಗಿಲ್ಲವೆಂದು ಕೊಡುವವರೂ ಸಂತೋಷದಿಂದ ಕೊಡುತ್ತಾರೆ.

ಫಾರ್ಮ್ಯಾಟನ್ನು ಪೂರ್ತಿ ಬಿಟ್ಟಿಲ್ಲ. ಆಡ್‌ವೇರ್ ಜೊತೆಯಲ್ಲಿ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್ ಸಿಕ್ಕಿದರೆ, ಅದರಲ್ಲೂ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನ ಹಾದಿಯಲ್ಲಿ ಅದು ಬಂದಿದ್ದರೆ, ನಾನು ಬೇರು ಹುಡುಕುತ್ತ ಕೂರುವುದಿಲ್ಲ: ಬೇರೊಂದು ಸ್ವಚ್ಛ ಸಾಧನದಿಂದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಎಲ್ಲ ಖಾತೆಗಳಿಂದ ಲಾಗ್ಔಟ್ ಮಾಡಿಸಿ, ಕಡತಗಳನ್ನಷ್ಟೇ ಉಳಿಸಿಕೊಂಡು, ಬ್ರೌಸರ್ ಪ್ರೊಫೈಲ್ ಮರಳಿ ಹಾಕದೆ, ವಿಂಡೋಸ್ ಹೊಸದಾಗಿ ಹಾಕಿಕೊಡುತ್ತೇನೆ.