ಬೆಂಕಿ ಮರಿ ಒಂದೇ, ಎದುರಿಗೆ ಬಂಡೆ

1996ರ ‘ಪೋಕೆಮಾನ್ ರೆಡ್’ ವಿಡಿಯೋ ಗೇಮ್‌ನಲ್ಲಿ ಪೋಕೆಮಾನ್ ಎಂಬ ಜೀವಿಗಳನ್ನು ಸಾಕಿ ಕಾದಾಡಿಸಬೇಕು. ಅದರಲ್ಲಿ ಸೋಲಿಸಬೇಕಾದ ಮೊದಲ ಜಿಮ್ ಲೀಡರ್ (ದೊಡ್ಡ ಎದುರಾಳಿ) ಬ್ರಾಕ್; ಅವನದು ಕಲ್ಲಿನ ಜೀವಿಗಳು. ನೀರಿನ ಜೀವಿ ಸ್ಕ್ವರ್ಟಲ್ ಅಥವಾ ಗಿಡದ ಜೀವಿ ಬಲ್ಬಸಾರ್ ಇದ್ದರೆ ಅವನು ಲೆಕ್ಕಕ್ಕೇ ಇಲ್ಲ. ನಾನು ಬೇಕಂತಲೇ ಬೆಂಕಿ ಮರಿ ಚಾರ್‌ಮ್ಯಾಂಡರ್ ಒಂದನ್ನೇ ಕರೆದುಕೊಂಡು ಹೋದೆ. ಕಲ್ಲಿನ ಮುಂದೆ ಬೆಂಕಿಗೆ ಅರ್ಧ ಬಲ ಅಷ್ಟೇ.

ಮೂರು ಸಲ ಸೋತೆ. ತಪ್ಪು ನನ್ನದೇ: ಸ್ಕ್ರ್ಯಾಚ್ (ಉಗುರಿನಲ್ಲಿ ಪರಚುವ ಏಟು) ಹೊಡೀತಾ ಕೂತಿದ್ದೆ. ಬ್ರಾಕ್‌ನ ಕಲ್ಲುಹಾವು ಓನಿಕ್ಸ್‌ನ ಡಿಫೆನ್ಸ್ (ಇಂಥ ಏಟು ತಡೆಯುವ ಬಲ) 160; ಪರಚಿದರೆ ಅದರ ಹೆಲ್ತ್ ಗೆರೆ ಕೂದಲೆಳೆಯಷ್ಟೂ ಕದಲಲಿಲ್ಲ. ಆಮೇಲೆ ಗಮನಿಸಿದೆ, ಅದರ ಸ್ಪೆಷಲ್ (ಬೆಂಕಿ, ನೀರಿನಂಥ ದಾಳಿ ತಡೆಯುವ ಬಲ) ಬರೀ 30! ಎಂಬರ್ ಎಂಬ ಬೆಂಕಿ ಕಿಡಿಯ ದಾಳಿ ತಾಗುವುದು ಸ್ಪೆಷಲ್ ಮೇಲೆ. ಅರ್ಧ ಬಲದಲ್ಲೂ ಸ್ಕ್ರ್ಯಾಚ್‌ಗಿಂತ ಎಷ್ಟೋ ವಾಸಿ.

ಎಂಬರ್ ಸಿಗುವುದು 9ನೇ ಲೆವೆಲ್‌ಗೆ. ನಾನು ಕಾಡಿನಲ್ಲಿ ಹುಳ ಸುಡುತ್ತಾ 15ರವರೆಗೆ ಏರಿಸಿದೆ (ಬೋರ್ ಹೊಡೆಯಿತು, ಸುಳ್ಳು ಹೇಳಲ್ಲ). ಬ್ರಾಕ್‌ನ ಮೊದಲ ಜೀವಿ ಜಿಯೋಡ್ಯೂಡ್ ಬೇಗ ಬಿತ್ತು. ಓನಿಕ್ಸ್ ‘ಬೈಡ್’ ಎಂಬ ದಾಳಿ ಶುರು ಮಾಡಿದರೆ ಮಾತ್ರ ಹುಷಾರು: ತಿಂದ ಏಟನ್ನೆಲ್ಲ ಕೂಡಿಟ್ಟು ಎರಡರಷ್ಟು ವಾಪಸ್ ಕೊಡುತ್ತದೆ. ಆಗ ಹೊಡೆಯೋದು ಬಿಟ್ಟು ಹೆಲ್ತ್ ತುಂಬುವ ಪೋಶನ್ ಕುಡಿಸಿದೆ. ಏಟು ಬಿತ್ತು, ಮರಿ ನಿಂತೇ ಇತ್ತು. ಇನ್ನೆರಡು ಎಂಬರ್, ಓನಿಕ್ಸ್ ಮಕಾಡೆ.

ಬೌಲ್ಡರ್ ಬ್ಯಾಡ್ಜ್ ಜೊತೆ ಬ್ರಾಕ್ ಕೊಟ್ಟ ಬಹುಮಾನ? ಅದೇ ಬೈಡ್!